ರಸೀದಿ ರಾಯರು

ಅಮೆರಿಕದ ಯಾವುದಾದರೊಂದು ಊರಿನ ಸುತ್ತ ನೂರು ಮನೆ ಕನ್ನಡಿಗರು ನೆಲೆಸಿದರೆಂದರೆ ಅಲ್ಲಿ ಒಂದು ಕನ್ನಡ ಕೂಟ ಹುಟ್ಟುವುದು ಎಷ್ಟು ಸಹಜವೋ, ಹುಟ್ಟಿದ ಕೂಟಕ್ಕೆ ಒಬ್ಬ ಅಧ್ಯಕ್ಷರೂ ಮುಂದಿನ ವರ್ಷ ಅಧ್ಯಕ್ಷರಾಗಲು ಸನ್ನದ್ಧರಾಗಿರುವ ಹತ್ತು ಮಂದಿಯೂ ದೊರೆಯುವುದು ಎಷ್ಟು ಸಹಜವೋ, ಖಜಾಂಚಿಯಾಗಲು ಒಬ್ಬರೂ ಮುಂದೆ ಬಾರದಿರುವುದೂ ಅಷ್ಟೇ ಸಹಜ. ಆದುದರಿಂದ ಈ ಪದವಿ ಚುನಾವಣೆಯಿಂದ ಲಭಿಸತಕ್ಕದ್ದಲ್ಲ. ಮಹಾಸಭೆಯ ದಿನ ಊಟದ ವ್ಯವಸ್ಥೆ ನೋಡಲು ಹೊರಗೆ ಹೋಗಿದ್ದವರ ತಲೆಯ ಮೇಲೆ, ಅವರ ಅನುಪಸ್ಥಿತಿಯಲ್ಲಿ, ಸರ್ವಾನುಮತದಿಂದ ಬಂದು ಕುಳಿತುಕೊಳ್ಳುವಂಥದು. ಅಧ್ಯಕ್ಷರು ವರ್ಷಕ್ಕೊಬ್ಬರಂತೆ ಬಂದು ಹೋಗುತ್ತಾರೆ. ಖಜಾಂಚಿಯಾದವರು ಮಾತ್ರ ಒಮ್ಮೆ ಆದರೆ ಆದಂತೆಯೇ.

ನಮ್ಮ ರಾಯರು ಈ ವರ್ಗಕ್ಕೆ ಸೇರಿದವರು. ಅವರಿಗೆ ತಂದೆತಾಯಿಗಳು ಇಟ್ಟ ಹೆಸರೊಂದು ಇರಲೇಬೇಕು. ಕೂಟದವರು ಅದನ್ನು ಮರೆತು ‘ರಸೀದಿ ರಾಯರು’ ಎಂಬ ಬಿರುದನ್ನೇ ಬಳಸುತ್ತಾರೆ. ವೃತ್ತಿಯಲ್ಲಿ ಅವರು ಸಾಫ್ಟ್‌ವೇರ್ ಪರೀಕ್ಷಕರು. ಅಂದರೆ, ಇತರರು ಬರೆದುದರಲ್ಲಿ ತಪ್ಪು ಹುಡುಕುವುದೇ ಅವರ ಜೀವನೋಪಾಯ. ಹಗಲೆಲ್ಲ ಇದನ್ನು ಸಂಬಳಕ್ಕಾಗಿ ಮಾಡಿ, ಸಂಜೆ ಮನೆಗೆ ಬಂದು, ಕಾಫಿ ಕುಡಿದು, ಅದೇ ಕೆಲಸವನ್ನು ಕೂಟಕ್ಕಾಗಿ ಸಂಬಳವಿಲ್ಲದೆ ಮಾಡುವುದರಲ್ಲಿ ಅವರಿಗೆ ಏನೋ ಒಂದು ಅನಿರ್ವಚನೀಯವಾದ ತೃಪ್ತಿ.

ಹಿಂದೆ ಕೂಟಕ್ಕೆ ದಾನ ಬರುತ್ತಿದ್ದ ಕ್ರಮ ಸರಳವಾಗಿತ್ತು. ಯುಗಾದಿಯ ದಿನ ಬಾಗಿಲ ಬಳಿ ಮೇಜು ಹಾಕಿ ಕುಳಿತವರ ಕೈಗೆ ಜನ ಐವತ್ತೊಂದೋ ನೂರೊಂದೋ ಡಾಲರಿನ ಚೆಕ್ಕು ಕೊಡುತ್ತಿದ್ದರು. ರಾಯರು ಅಲ್ಲಿಯೇ ರಸೀದಿ ಹರಿದು ಕೊಟ್ಟು ಕೈಮುಗಿಯುತ್ತಿದ್ದರು. ಈಗ ದಾತೃವು ತನ್ನ ಕಂಪನಿಯ ಜಾಲತಾಣದಲ್ಲಿ ಕೂಟದ ಹೆಸರನ್ನು ಹುಡುಕಿ ಒಂದು ಗುಂಡಿ ಒತ್ತುತ್ತಾನೆ. ಹಣವು ಅವನ ಸಂಬಳದಿಂದ ಮುರಿದು ಒಂದು ಮಧ್ಯವರ್ತಿ ಪ್ರತಿಷ್ಠಾನಕ್ಕೆ ಸೇರುತ್ತದೆ. ಕಂಪನಿಯು ‘ನಾನೂ ಅಷ್ಟೇ ಕೊಟ್ಟೆ’ ಎಂದು ಅದಕ್ಕೆ ಸಮಪಾಲು ಕೂಡಿಸುತ್ತದೆ. ಪ್ರತಿಷ್ಠಾನವು ಹತ್ತಾರು ಕಂಪನಿಗಳಿಂದ ಹೀಗೆ ಬಂದುದೆಲ್ಲವನ್ನೂ ಒಟ್ಟುಗೂಡಿಸಿ, ತನ್ನ ಶುಲ್ಕವನ್ನು ಹಿಡಿದುಕೊಂಡು, ತಿಂಗಳಿಗೊಮ್ಮೆ ಒಂದೇ ಮೊತ್ತವಾಗಿ ಕೂಟದ ಬ್ಯಾಂಕ್ ಖಾತೆಗೆ ಇಳಿಸುತ್ತದೆ. ಅದು ಯಾರದು, ಎಂದು ಕೊಟ್ಟದ್ದು, ಯಾವ ಉದ್ದೇಶಕ್ಕೆ ಕೊಟ್ಟದ್ದು ಎಂಬುದನ್ನು ಶೋಧಿಸುವ ಭಾರ ರಾಯರದು.

ಈ ವ್ಯವಸ್ಥೆಯ ಪುರಾಣವನ್ನು ಅವರು ಕೇಳಿದವರಿಗೂ ಹೇಳುತ್ತಾರೆ, ಕೇಳದವರಿಗೂ ಹೇಳುತ್ತಾರೆ. 1887ರಲ್ಲಿ ಡೆನ್ವರ್ ನಗರದ ಧರ್ಮಗುರುಗಳೂ ಇತರರೂ ಕೂಡಿ, ಹಲವು ಸೇವಾಸಂಸ್ಥೆಗಳಿಗಾಗಿ ಒಂದೇ ಕಡೆ ಚಂದಾ ಎತ್ತುವ ಪದ್ಧತಿಯನ್ನು ಆರಂಭಿಸಿದ್ದು, ಅದೇ ಮುಂದೆ ಯುನೈಟೆಡ್ ವೇ ಎಂಬ ಸಂಸ್ಥೆಯಾಗಿ ಬೆಳೆದದ್ದು. 1954ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯವರು, ನೌಕರರು ತಾವು ಓದಿದ ಕಾಲೇಜಿಗೆ ಕೊಟ್ಟಷ್ಟನ್ನು ತಾವೂ ಕೊಡುವೆವೆಂದು ‘ಮ್ಯಾಚಿಂಗ್’ ದಾನಕ್ಕೆ ನಾಂದಿ ಹಾಡಿದ್ದು. 1961ರಲ್ಲಿ ಅಧ್ಯಕ್ಷ ಕೆನಡಿಯವರ ಆಜ್ಞೆಯಿಂದ ಸರ್ಕಾರಿ ಕಚೇರಿಗಳಲ್ಲಿ ನಡೆಯುವ ಚಂದಾ ಸಂಗ್ರಹಕ್ಕೆ ಒಂದು ಕಟ್ಟುಪಾಡು ಬಂದದ್ದು. 2008ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ, ಈ ವ್ಯವಹಾರವನ್ನು ಗಣಕಯಂತ್ರದ ಮೂಲಕ ನಡೆಸುವ ಬೆನೆವಿಟಿ ಎಂಬ ಕಂಪನಿ ಹುಟ್ಟಿದ್ದು. ಇಷ್ಟನ್ನು ಅವರು ಊಟದ ಸಾಲಿನಲ್ಲಿ ನಿಂತು ಹೇಳುತ್ತಿರುವಾಗ ಎದುರಿಗಿರುವವರ ತಟ್ಟೆಯಲ್ಲಿ ಬಿಸಿಬೇಳೆಭಾತ್ ಆರಿ ಗಟ್ಟಿಯಾಗುವುದನ್ನು ಅನೇಕರು ನೋಡಿದ್ದಾರೆ.

ಪ್ರತಿಷ್ಠಾನ ಕಳುಹಿಸಿದ ಮೊತ್ತದ ಹಿಂದೆಯೇ ಒಂದು ಪಟ್ಟಿ ಬರುತ್ತದೆ. ದಿನಾಂಕ, ಕಂಪನಿ, ದಾತೃವಿನ ಹೆಸರು, ಅವರು ಕೊಟ್ಟದ್ದು, ಕಂಪನಿ ಕೊಟ್ಟದ್ದು, ಶುಲ್ಕ ಕಳೆದದ್ದು ಎಂಬ ಅಂಕಣಗಳಲ್ಲಿ ಹೆಸರಿನ ಅಂಕಣವೇ ರಾಯರ ನಿದ್ರಾಭಂಗಕ್ಕೆ ಮೂಲ. ಹೆಸರು ತಿಳಿಸಲು ಒಪ್ಪದವರ ಎದುರಿಗೆ ಅಲ್ಲಿ ‘ನಾಟ್ ಶೇರ್ಡ್ ಬೈ ಡೋನರ್’ ಎಂದು ನಮೂದಾಗಿರುತ್ತದೆ. ಇವರಲ್ಲಿ ಬಹುಪಾಲು ಜನ ವಿನಯದಿಂದ ಹೆಸರು ಮರೆಸಿದವರಲ್ಲ. ಗುರುತು ಹಾಕಬೇಕಾದ ಚೌಕವನ್ನು ನೋಡದೆ ಮುಂದೆ ಹೋದವರು. “ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು, ಒಪ್ಪಿದೆ. ಖಜಾಂಚಿಗೂ ತಿಳಿಯಬಾರದು ಅಂತ ಯಾವ ಶಾಸ್ತ್ರದಲ್ಲಿದೆ ಸ್ವಾಮಿ?” ಎಂದು ರಾಯರು ಕೇಳುವುದುಂಟು. ಒಂದು ವರ್ಷ ಸ್ಮರಣಸಂಚಿಕೆಯ ಭಾರ ಹೊತ್ತ ಉತ್ಸಾಹಿ ತರುಣನೊಬ್ಬನು ಪಟ್ಟಿಯನ್ನು ಹಾಗೆಯೇ ಅಚ್ಚಿಗೆ ಕೊಟ್ಟುದರಿಂದ, ಮಹಾಪೋಷಕರ ಪುಟದ ಅಗ್ರಸ್ಥಾನದಲ್ಲಿ, ದೊಡ್ಡಕ್ಷರದಲ್ಲಿ, ‘ಶ್ರೀ ನಾಟ್ ಶೇರ್ಡ್ ಬೈ ಡೋನರ್ ಮತ್ತು ಕುಟುಂಬ’ ಎಂದು ಪ್ರಕಟವಾಯಿತು. ಆ ರಾಜ್ಯೋತ್ಸವದ ಸಂಜೆ ಒಬ್ಬರಿಗೊಬ್ಬರು ತಿಳಿಯದಂತೆ ಮೂರು ಮಂದಿ ಮಹನೀಯರು ರಾಯರನ್ನು ಕಂಬದ ಮರೆಗೆ ಕರೆದು, ದನಿ ತಗ್ಗಿಸಿ, “ಯಾರಿಗೂ ಹೇಳಬೇಡಿ, ಅದು ನಾನೇ” ಎಂದರಂತೆ.

ರಸೀದಿ ಬೇರೆ, ಕೃತಜ್ಞತೆ ಬೇರೆ ಎಂಬುದು ರಾಯರ ದ್ವೈತಸಿದ್ಧಾಂತ. ಜನವರಿ ತಿಂಗಳು ಬಂತೆಂದರೆ ತೆರಿಗೆಯ ಲೆಕ್ಕಕ್ಕೆ ಕುಳಿತ ದಾತೃಗಳು ಒಬ್ಬೊಬ್ಬರಾಗಿ ಫೋನು ಮಾಡತೊಡಗುತ್ತಾರೆ.

“ರಾಯರೇ, ಆಫೀಸಿನ ಮೂಲಕ ಐನೂರು ಡಾಲರ್ ಕೊಟ್ಟಿದ್ದೆನಲ್ಲ, ರಸೀದಿ ಬರಲೇ ಇಲ್ಲ.”

“ನೀವು ನಮಗೆ ಕೊಡಲಿಲ್ಲವಲ್ಲ ಸ್ವಾಮಿ!”

“ಇದೇನು ಹೀಗಂತೀರಿ? ಹಣ ಬಂದಿಲ್ಲವೆ?”

“ಬಂದಿದೆ. ನೀವು ಕೊಟ್ಟದ್ದು ಆ ಪ್ರತಿಷ್ಠಾನಕ್ಕೆ. ನಮಗೆ ಕೊಟ್ಟದ್ದು ಪ್ರತಿಷ್ಠಾನ. ಕಾನೂನಿನ ಕಣ್ಣಿಗೆ ನಮ್ಮ ದಾನಿ ಅದು, ನೀವಲ್ಲ. ನಿಮ್ಮ ರಸೀದಿ ಅವರ ಜಾಲತಾಣದಲ್ಲೇ ಇರುತ್ತದೆ, ನೋಡಿ. ನಾನೂ ಒಂದು ಕೊಟ್ಟರೆ ಒಂದೇ ದಾನಕ್ಕೆ ಎರಡು ರಸೀದಿ ಆಗುತ್ತೆ. ನಮ್ಮ ಕಡೆಯಿಂದ ನಿಮಗೆ ಸಲ್ಲಬೇಕಾದ್ದು ಕೃತಜ್ಞತೆ. ಅದನ್ನು ಬೇಕಾದರೆ ಈಗಲೇ ಹೇಳ್ತೇನೆ.”

ಈ ಉತ್ತರದಿಂದ ಸಂತುಷ್ಟರಾಗಿ ಫೋನು ಇಟ್ಟವರು ವಿರಳ. ಸಂಬಳದಿಂದ ಕಂತುಕಂತಾಗಿ ಮುರಿಸಿಕೊಳ್ಳುವವರ ಕಥೆ ಇನ್ನೂ ವಿಚಿತ್ರ. ಒಂದು ಬಾರಿಗೆ 250 ಡಾಲರ್ ಅಥವಾ ಹೆಚ್ಚು ಕೊಟ್ಟವರಿಗೆ ಸಂಸ್ಥೆಯ ಲಿಖಿತ ಸ್ವೀಕೃತಿ ಇರಬೇಕೆಂಬುದು ಅಮೆರಿಕದ ತೆರಿಗೆಯ ನಿಯಮ. ಆದರೆ ಸಂಬಳದಿಂದ ಮುರಿದ ಒಂದೊಂದು ಕಂತನ್ನೂ ಒಂದೊಂದು ಪ್ರತ್ಯೇಕ ದಾನವೆಂದೇ ಎಣಿಸುತ್ತಾರೆ. ಹೀಗಾಗಿ ಎರಡು ವಾರಕ್ಕೆ ನೂರರಂತೆ ವರ್ಷಕ್ಕೆ 2,600 ಡಾಲರ್ ಕೊಟ್ಟವನಿಗೆ ಸಂಬಳದ ಚೀಟಿಯೂ ಅವನು ಒಪ್ಪಿ ಬರೆದುಕೊಟ್ಟ ಪತ್ರವೂ ಇದ್ದರೆ ಸಾಕು. ಒಂದೇ ಸಲ 250ರ ಚೆಕ್ಕು ಕೊಟ್ಟವನಿಗೆ ರಾಯರು ಕೊಡುವ ಸ್ವೀಕೃತಿಪತ್ರ ಬೇಕೇ ಬೇಕು. ಇದನ್ನು ವಿವರಿಸಿದಾಗಲೆಲ್ಲ, ದೊಡ್ಡ ದಾನಿಯನ್ನು ಬರಿಗೈಯಲ್ಲಿ ಕಳುಹಿಸಿ ಚಿಕ್ಕ ದಾನಿಗೆ ಮರ್ಯಾದೆ ಮಾಡಿದರೆಂಬ ಅಪಖ್ಯಾತಿ ಅವರಿಗೆ ತಪ್ಪಿದ್ದಲ್ಲ.

ಕಂಪನಿಯ ಸಮಪಾಲಿನ ವಿಷಯದಲ್ಲಿಯೂ ಅವರು ನಿಷ್ಠುರರು. ತಾನು ನೂರು ಕೊಟ್ಟು, ಕಂಪನಿಯಿಂದ ನೂರು ಕೊಡಿಸಿ, ಇನ್ನೂರರ ಸಾಲಿನಲ್ಲಿ ಕುರ್ಚಿ ಬಯಸುವ ಸದಸ್ಯರಿಗೆ ಕೊರತೆಯಿಲ್ಲ. ರಾಯರು ಕಂಪನಿಯ ನೂರನ್ನು ಕಂಪನಿಯ ಹೆಸರಿಗೇ ಬರೆದು, ಪಕ್ಕದ ಅಂಕಣದಲ್ಲಿ ‘ಇಂಥವರ ಪ್ರೇರಣೆಯಿಂದ’ ಎಂದು ನಮೂದಿಸುತ್ತಾರೆ. ಕುರ್ಚಿ ಮಾತ್ರ ನೂರರ ಸಾಲಿನಲ್ಲಿಯೇ. ಸಮಪಾಲಿನ ಹಣದಿಂದ ಟಿಕೆಟ್ಟು ಕೊಳ್ಳಲು ಕಂಪನಿಗಳು ಸಾಮಾನ್ಯವಾಗಿ ಬಿಡುವುದಿಲ್ಲವೆಂಬುದನ್ನು ಅವರು ಅಧ್ಯಕ್ಷರಿಗೆ ಪ್ರತಿವರ್ಷವೂ ಹೊಸದಾಗಿ ಬೋಧಿಸಬೇಕಾಗುತ್ತದೆ. ದಾತೃವು ನೂರು ಕೊಟ್ಟು ಶುಲ್ಕ ಕಳೆದು ತೊಂಬತ್ತೇಳು ಬಂದರೆ, ನೂರಕ್ಕೆ ವಂದನೆ ಸಲ್ಲಿಸಿ, ಮೂರನ್ನು ಖರ್ಚಿಗೆ ಹಾಕಬೇಕೆಂಬುದು ಅವರ ಇನ್ನೊಂದು ಸೂತ್ರ. ಬಂದಷ್ಟನ್ನೇ ಬರೆದರೆ ಕೆಲಸ ಸುಲಭವಲ್ಲವೆ ಎಂದವರಿಗೆ, “ಅವರು ಬಿಟ್ಟುಕೊಟ್ಟದ್ದು ನೂರು ರೀ!” ಎಂದು ಹೇಳುವಾಗ ಅವರ ಕಂಠ ಸ್ವಲ್ಪ ಏರುತ್ತದೆ.

ಆದರೆ ಅವರಿಗೆ ನಿಜವಾಗಿ ಪ್ರಾಣಸಂಕಟ ತಂದದ್ದು ಒಬ್ಬಟ್ಟು. 75 ಡಾಲರಿಗೆ ಮೇಲ್ಪಟ್ಟು ಕೊಟ್ಟವರಿಗೆ ಪ್ರತಿಯಾಗಿ ಊಟವನ್ನೋ ಮತ್ತೇನನ್ನೋ ಇತ್ತಾಗ, ಅದರ ಬೆಲೆಯನ್ನು ಸಂಸ್ಥೆಯು ಅಂದಾಜು ಮಾಡಿ ಲಿಖಿತವಾಗಿ ತಿಳಿಸತಕ್ಕದ್ದೆಂದು ನಿಯಮವಿದೆ. ಆ ಬೆಲೆ ಕಳೆದು ಉಳಿದದ್ದಷ್ಟೇ ದಾನ. ರಾಯರು ಯುಗಾದಿಯ ಊಟವನ್ನು ಹದಿನೆಂಟು ಡಾಲರೆಂದು ನಿರ್ಧರಿಸಿದರು. ವಿಷಯ ಅಡುಗೆಮನೆಗೆ ತಲುಪಿತು. ಹಿಂದಿನ ರಾತ್ರಿಯೆಲ್ಲ ಹೂರಣ ರುಬ್ಬಿದ್ದ ಮಾತೆಯರ ಪರವಾಗಿ ಹಿರಿಯರೊಬ್ಬರು ಸೌಟು ಹಿಡಿದೇ ಹೊರಗೆ ಬಂದು, “ನಮ್ಮ ಒಬ್ಬಟ್ಟಿನ ಊಟಕ್ಕೆ ಹದಿನೆಂಟು ಡಾಲರ್ ಕಟ್ಟಿದಿರಾ ರಾಯರೇ?” ಎಂದರು. ಬೆಲೆ ಏರಿಸಿದರೆ ದಾತೃವಿಗೆ ನಷ್ಟ, ಇಳಿಸಿದರೆ ಅಡುಗೆಯವರಿಗೆ ಅವಮಾನ. ಈ ಧರ್ಮಸೂಕ್ಷ್ಮದ ನಡುವೆ ಸಿಕ್ಕ ರಾಯರು ಆ ದಿನ ಒಬ್ಬಟ್ಟನ್ನೇ ಬಡಿಸಿಕೊಳ್ಳಲಿಲ್ಲ.

ಇಂತಹ ಸಂದರ್ಭಗಳಲ್ಲಿ ಅವರಿಗೆ ಪೂರ್ವಿಕರ ನೆನಪಾಗುತ್ತದೆ. ನಮ್ಮ ನಾಡಿನ ದಾನಶಾಸನಗಳಲ್ಲಿ ಅವರಿಗೆ ಅಪಾರವಾದ ಗೌರವ. ಕೊಟ್ಟವರು ಯಾರು, ಪಡೆದವರು ಯಾರು, ಭೂಮಿಯ ನಾಲ್ಕು ಎಲ್ಲೆಗಳು ಯಾವುವು, ದಿನ ತಿಥಿ ಯಾವುದು ಎಂಬುದೆಲ್ಲ ಒಂದೇ ಕಲ್ಲಿನ ಮೇಲೆ. ಕಡೆಯಲ್ಲಿ, ದಾನವನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟಲಿ ಎಂಬ ಶಾಪ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಔದಾರ್ಯ ಇಂದಿಗೂ ನಮಗೆ ತಿಳಿದಿರುವುದು, ಬರೆದಿಟ್ಟವರಿದ್ದುದರಿಂದಲೇ ಎನ್ನುತ್ತಾರೆ ರಾಯರು. ಆಕೆ ಯಾವುದಾದರೊಂದು ಪ್ರತಿಷ್ಠಾನದ ಮೂಲಕ ಕೊಟ್ಟಿದ್ದರೆ ಕಲ್ಲಿನ ಮೇಲೆ ಏನೆಂದು ಕೆತ್ತಬೇಕಾಗುತ್ತಿತ್ತೆಂಬುದನ್ನು ನೆನೆದು ಅವರಿಗೆ ಮೈ ನಡುಗುತ್ತದೆ. ಕೂಟದ ಪತ್ರಗಳ ಅಡಿಯಲ್ಲಿಯೂ ಆ ಶಾಪವನ್ನು ಸೇರಿಸೋಣವೆಂದು ಅವರು ಒಮ್ಮೆ ಸೂಚಿಸಿದಾಗ, ವಕೀಲರನ್ನು ಕೇಳಬೇಕಾದೀತೆಂದು ಸಮಿತಿಯವರು ವಿಷಯವನ್ನು ಮುಂದೂಡಿದರು.

ಇಷ್ಟು ಹಾಸ್ಯ ಮಾಡಿದ ಮೇಲೆ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಪ್ರತಿಷ್ಠಾನದ ರಸೀದಿಯನ್ನು ಯಂತ್ರ ಬರೆಯುತ್ತದೆ. ರಾಯರ ಪತ್ರವನ್ನು ರಾಯರೇ ಬರೆಯುತ್ತಾರೆ, ಅದೂ ಕನ್ನಡದಲ್ಲಿ. ನಿಮ್ಮ ಹಣದಿಂದ ಮಕ್ಕಳ ಕನ್ನಡ ತರಗತಿಗೆ ಪಠ್ಯಪುಸ್ತಕಗಳು ಬಂದವು, ಹೊಸದಾಗಿ ಸೇರಿದ ಮಗುವೊಂದು ಈಗ ಅಜ್ಜಿಯ ಕಾಗದವನ್ನು ತಾನೇ ಓದುತ್ತದೆ ಎಂದು ನಾಲ್ಕು ಸಾಲು. ತೆರಿಗೆಯ ಸುದ್ದಿ ಅದರಲ್ಲಿ ಇರುವುದಿಲ್ಲ. ಹತ್ತು ಡಾಲರ್ ಕೊಟ್ಟವರಿಗೂ ಆ ಪತ್ರ ಹೋಗುತ್ತದೆ, ಸಾವಿರ ಕೊಟ್ಟವರಿಗೂ ಹೋಗುತ್ತದೆ. ಎಲ್ಲರಿಗೂ ತೆರಿಗೆಯ ರಸೀದಿ ಹಂಚಿ ಯಾರಿಗೂ ವಂದನೆ ಹೇಳದ ಖಜಾಂಚಿಗಳು ಜಗತ್ತಿನಲ್ಲಿ ಬಹಳ ಮಂದಿ ಇರುವುದರಿಂದ, ಇದಕ್ಕೆ ವಿರುದ್ಧವಾಗಿ ನಡೆಯುವ ಒಬ್ಬರು ನಮಗೆ ದೊರೆತದ್ದು ನಮ್ಮ ಭಾಗ್ಯವೆಂದೇ ಹೇಳಬೇಕು.

ಆದಕಾರಣ ಕಂಪನಿಯ ಮೂಲಕ ದಾನ ಮಾಡುವ ಸಹೃದಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಹೆಸರು ತಿಳಿಸಬಹುದೆ ಎಂದು ಕೇಳುವ ಆ ಚಿಕ್ಕ ಚೌಕದಲ್ಲಿ ಒಂದು ಗುರುತು ಹಾಕಿ, ಯಾವ ಕೆಲಸಕ್ಕೆ ಕೊಟ್ಟಿರೆಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ, ಡಿಸೆಂಬರ್ 31ರ ರಾತ್ರಿ ಕೊಟ್ಟ ಹಣ ಫೆಬ್ರವರಿಯಲ್ಲಿ ಬಂದುದಕ್ಕೆ ಖಜಾಂಚಿಗಳನ್ನು ಬಯ್ಯಬೇಡಿ. ರಸೀದಿಯನ್ನು ಮಧ್ಯವರ್ತಿಗಳಲ್ಲಿ ಕೇಳಿ ಪಡೆಯಿರಿ. ಅದನ್ನು ರಾಯರಲ್ಲಿ ಕೇಳಿದರೆ 1887ರಿಂದ ಆರಂಭಿಸುತ್ತಾರೆ.