ರಿಲ್ಯಾಕ್ಸ್ ರಾಯರು

ರಾಯರಿಗೆ ಸುಸ್ತಾಗುವುದು ತಿಂಗಳಿಗೆ ಎರಡೇ ಸಲ, ಅದೂ ಕ್ಯಾಲೆಂಡರ್ ನೋಡಿಕೊಂಡು. 2015ರ ಸೆಪ್ಟೆಂಬರಿನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕುಗಳಿಗೆ ಪೂರ್ತಿ ರಜೆ ಎಂದಾಯಿತಲ್ಲ, ಅಂದಿನಿಂದ ಅಂಟಿಕೊಂಡ ಜಾಡ್ಯ ಇದು. ಅದಕ್ಕೆ ಮುಂಚೆ ಶನಿವಾರ ಅರ್ಧ ದಿನ ದುಡಿದು ಬಂದು, ಭಾನುವಾರ ನೆತ್ತಿಗೆ ಹರಳೆಣ್ಣೆ ಒತ್ತಿಕೊಂಡು, ಬಿಸಿನೀರು ಸುರಿದುಕೊಂಡು, ಸಾರನ್ನ ಉಂಡು ಮಲಗಿದರೆ ಅವರ ಸುಸ್ತು ಯಾರಿಗೂ ಹೇಳದೆ ಕೇಳದೆ ಹೊರಟುಹೋಗುತ್ತಿತ್ತು. ಎರಡು ದಿನ ಒಟ್ಟಿಗೆ ಕೈಗೆ ಬಂದ ಮೇಲೆ ಅಷ್ಟು ಅಗ್ಗವಾಗಿ ಕಳುಹಿಸಿಕೊಡುವುದಕ್ಕೆ ಆಗುತ್ತದೆಯೇ?

"ಎಲ್ಲಾದರೂ ಹೋಗಿ ರಿಲ್ಯಾಕ್ಸ್ ಆಗಬೇಕು ಸ್ವಾಮಿ" ಎನ್ನುತ್ತಾರೆ, ಹಲ್ಲು ಕಚ್ಚಿಕೊಂಡು.

ಕೋಲ್ಕತ್ತಾಕ್ಕೆ ವರ್ಗವಾಗಿ ಬಂದ ನಮ್ಮ ಕಡೆಯ ಬ್ಯಾಂಕ್ ಅಧಿಕಾರಿಗಳಲ್ಲಿ ಇಂಥವರು ಒಬ್ಬಿಬ್ಬರಲ್ಲ. ಲೇಕ್ ಮಾರ್ಕೆಟ್ಟಿನಲ್ಲಿ ಬೆಳಿಗ್ಗೆ ನುಗ್ಗೆಕಾಯಿ, ಬಾಳೆಎಲೆ, ಕರಿಬೇವು ಚೌಕಾಸಿ ಮಾಡುತ್ತಿರುವವರ ನಡುವೆ ಹುಡುಕಿದರೆ ಸಿಗುತ್ತಾರೆ. ಊರು ಹಾಸನವೋ ಶಿವಮೊಗ್ಗವೋ ಇರಲಿ, ನಾನು ಅವರೆಲ್ಲರನ್ನೂ ಸೇರಿಸಿ ರಿಲ್ಯಾಕ್ಸ್ ರಾಯರು ಎಂದೇ ಕರೆಯುವುದು. ಪಕ್ಕದ ಫ್ಲ್ಯಾಟಿನ ಬಂಗಾಳಿಗಳಿಗೆ ಅವರು ರಾವ್ ಅಣ್ಣ, ಅವರ ಬಾಯಲ್ಲಿ 'ರಾವ್‌ದಾ'. ಅವರಲ್ಲಿ ಒಬ್ಬರ ಜತೆ, ಅವರ ಸಂಸಾರದ ಬೆನ್ನಿಗೆ ಬಿದ್ದು, ಹೋದ ಡಿಸೆಂಬರಿನಲ್ಲಿ ನಾನೂ ಒಂದು ಹೋಟೆಲ್ಲಿಗೆ ಹೋಗಿ ಬಂದೆ. ಡೈಮಂಡ್ ಹಾರ್ಬರ್ ರಸ್ತೆಯಲ್ಲಿ ಆಮ್ತಲಾ ದಾಟಿ, ಹೂಗ್ಲಿ ನದಿಯ ಕಡೆಗೆ ತಿರುಗಿದರೆ ಬರುವ ಹಳ್ಳಿಗಾಡಿನ ಹೋಟೆಲ್ಲು. ಗಾಲ್ಫ್ ಇದೆ, ಸ್ಪಾ ಇದೆ, ನದಿಯ ಗಾಳಿ ಉಚಿತ. ಹೆಸರು ಬೇಡ.

ಹೊರಡುವ ಹಿಂದಿನ ರಾತ್ರಿಯೇ ರಾಯರು ಲೆಕ್ಕ ಹಾಕಿ ಮುಗಿಸಿದ್ದರು. ಕೋಣೆಗೆ ತೆರಿಗೆ ಸೇರಿ 12,600 ರೂಪಾಯಿ. ಒಳಗೆ ಬಿಡುವುದು ಮಧ್ಯಾಹ್ನ ಎರಡಕ್ಕೆ, ಹೊರಗೆ ಹಾಕುವುದು ಮಾರನೆಯ ಬೆಳಿಗ್ಗೆ ಹನ್ನೊಂದಕ್ಕೆ. ಒಟ್ಟು 21 ಗಂಟೆ. ಅಂದರೆ ಗಂಟೆಗೆ 600 ರೂಪಾಯಿ. ಇಲ್ಲಿಯವರೆಗೆ ಯಾರು ಬೇಕಾದರೂ ಹಾಕಬಹುದಾದ ಲೆಕ್ಕ. ರಾಯರ ಪ್ರತಿಭೆ ಇರುವುದು ಮುಂದಿನ ಹೆಜ್ಜೆಯಲ್ಲಿ: "ಏಳು ಗಂಟೆ ಮಲಗಿದಿರೋ, 4,200 ರೂಪಾಯಿ ಗೊರಕೆಗೆ ಹೋಯಿತು." ಆದ್ದರಿಂದ ವಿಶ್ರಾಂತಿಗೆ ಹೋದ ಜಾಗದಲ್ಲಿ ನಿದ್ದೆ ಮಾಡಕೂಡದು ಎಂಬುದು ಅವರ ಮೊದಲ ನಿಯಮ. ಎರಡನೆಯದು, ಪ್ಯಾಕೇಜಿನಲ್ಲಿ ಬರೆದದ್ದು ಯಾವುದೂ ಬಿಟ್ಟುಹೋಗಕೂಡದು. ಬೇಕೋ ಬೇಡವೋ ಅನ್ನುವುದು ಬೇರೆ ಪ್ರಶ್ನೆ; ಅದು ಆಡಿಟ್ಟಿನವರು ಕೇಳುವ ಪ್ರಶ್ನೆಯಲ್ಲ.

ಕಾರಿನ ಡಿಕ್ಕಿಯಲ್ಲಿ ಬಟ್ಟೆಗಿಂತ ಡಬ್ಬಿಗಳೇ ಹೆಚ್ಚು. ಚಟ್ನಿಪುಡಿ, ಖಾರದ ಅವಲಕ್ಕಿ, ಕೋಡುಬಳೆ, ಹಾರ್ಲಿಕ್ಸ್ ಬಾಟಲಿಯಲ್ಲಿ ಗಟ್ಟಿ ಡಿಕಾಕ್ಷನ್. ಹೋಟೆಲಿನ ಎಲೆಕ್ಟ್ರಿಕ್ ಕೆಟಲಿನಲ್ಲಿ ಹಾಲು ಕಾಯಿಸಬಾರದು ಎಂದು ಬರೆದಿರುತ್ತದೆ. ರಾಯರು ಅದನ್ನು ಓದಿ, ಒಪ್ಪಿ, ಆಮೇಲೆ ಕಾಯಿಸುತ್ತಾರೆ.

ಟಾಲಿಗಂಜ್ ಹಾದು ಹೋಗುವಾಗ ರಾಯರ ಉಪನ್ಯಾಸ ಶುರುವಾಯಿತು. ವಿಷಯ ಗಾಲ್ಫು. ತಮಾಷೆಯೆಂದರೆ, ಗಾಲ್ಫ್ ಹುಡುಕಿಕೊಂಡು ನಾವು ಐವತ್ತು ಕಿಲೋಮೀಟರ್ ಹೊರಟದ್ದು ಯಾವ ಊರಿನಿಂದ ಗೊತ್ತೆ? ಬ್ರಿಟಿಷ್ ದ್ವೀಪಗಳನ್ನು ಬಿಟ್ಟರೆ ಜಗತ್ತಿನ ಅತ್ಯಂತ ಹಳೆಯ ಗಾಲ್ಫ್ ಕ್ಲಬ್ಬು ಇರುವ ಊರಿನಿಂದ. 1829ರಲ್ಲಿ ಹುಟ್ಟಿದ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ ಇರುವುದು ಇದೇ ಟಾಲಿಗಂಜಿನಲ್ಲಿ. ಬೆಂಗಳೂರಿನದು ಹುಟ್ಟಿದ್ದು 1876ರಲ್ಲಿ. ಹತ್ತಿರದಲ್ಲೇ ಟಾಲಿಗಂಜ್ ಕ್ಲಬ್ಬಿನ ಹದಿನೆಂಟು ಗುಳಿಗಳ ಮೈದಾನ. ಇಷ್ಟಿದ್ದೂ ರಾಯರು ಹಳ್ಳಿಗೆ ಹೋಗುವುದಕ್ಕೆ ಕಾರಣ ಸರಳ: ಸದಸ್ಯರಲ್ಲದವರನ್ನು ಸುಮ್ಮನೆ ಒಳಗೆ ಬಿಡುವುದಿಲ್ಲ. ಆ ಮೈದಾನಗಳಲ್ಲಿ ರಾತ್ರಿ ನರಿಗಳು ಓಡಾಡುತ್ತವೆ. ನರಿಗಳನ್ನು ಯಾರೂ ಕಾರ್ಡು ಕೇಳುವುದಿಲ್ಲ.

"ನೋಡಿ ಸ್ವಾಮಿ, 1895ರಲ್ಲಿ ಈ ಟಾಲಿಗಂಜ್ ಕ್ಲಬ್ ಸ್ಥಾಪಿಸಿದ ಕ್ರುಕ್‌ಶಾಂಕ್ ಸಾಹೇಬ ಯಾರು? ಬ್ಯಾಂಕಿನವನು! ಬ್ಯಾಂಕಿನವರಿಗೂ ಗಾಲ್ಫಿಗೂ ಹಳೇ ಸಂಬಂಧ" ಎಂದರು ರಾಯರು. ಅಷ್ಟಕ್ಕೇ ನಿಲ್ಲಲಿಲ್ಲ. 1806ರ ವೆಲ್ಲೂರು ದಂಗೆಯಾದ ಮೇಲೆ ಕಂಪನಿ ಸರ್ಕಾರ ಟಿಪ್ಪುವಿನ ಮಕ್ಕಳು ಮರಿಗಳನ್ನು ತಂದು ಇರಿಸಿದ್ದು ಈ ಟಾಲಿಗಂಜಿನ ಕಡೆ. ಕಿರಿಯ ಮಗ ಗುಲಾಮ್ ಮೊಹಮ್ಮದ್ 1842ರಲ್ಲಿ ಕಟ್ಟಿಸಿದ ಮಸೀದಿ ಧರ್ಮತಲಾದಲ್ಲಿ ಇವತ್ತಿಗೂ ಇದೆ. ಪ್ರಿನ್ಸ್ ಅನ್ವರ್ ಷಾ ರಸ್ತೆಯ ಹೆಸರೂ ಆ ಮನೆತನದ್ದೇ. ಇವೆಲ್ಲ ನಿಜ. ಇದರಿಂದ ರಾಯರು ತೆಗೆಯುವ ಸಾರ ಮಾತ್ರ ಅವರದೇ: "ಮೈಸೂರಿನಿಂದ ಕಲ್ಕತ್ತೆಗೆ ಟ್ರಾನ್ಸ್‌ಫರ್ ಆಗಿ ಬಂದವರಲ್ಲಿ ಅವರೇ ಸೀನಿಯರ್ರು. ಎಷ್ಟು ಅರ್ಜಿ ಹಾಕಿದರೂ ವಾಪಸ್ ಕಳಿಸಲಿಲ್ಲ, ಪಾಪ." ಹೀಗೆ ಹೇಳುವಾಗ ಅವರ ದನಿ ಗದ್ಗದವಾಗುತ್ತದೆ. ಅವರದೂ ಒಂದು ಅರ್ಜಿ ಹೆಡ್ ಆಫೀಸಿನಲ್ಲಿ ಕೂತಿದೆ.

ಬೆಹಾಲಾ ಬಂತು, ಕಾರು ನಿಂತಿತು. ಜೋಕಾ–ತಾರಾತಲಾ ಮೆಟ್ರೊ 2022ರ ಡಿಸೆಂಬರಿನಲ್ಲೇ ಉದ್ಘಾಟನೆಯಾಗಿ ತಲೆಯ ಮೇಲೆ ಓಡತೊಡಗಿದೆ. ಕೆಳಗಿನ ರಸ್ತೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಗಡಿಯಾರ ಎರಡು ದಾಟಿತು. "ಹೋಯ್ತು, ಅರ್ಧ ಗಂಟೆ ಹೋಯ್ತು, 300 ರೂಪಾಯಿ!" ಎಂದು ರಾಯರು ತೊಡೆ ಬಡಿದುಕೊಂಡರು. "ರೀ, ಸ್ವಲ್ಪ ಸುಮ್ನಿರಿ, ಬಿ.ಪಿ. ಮಾತ್ರೆಗೆ ಅದಕ್ಕಿಂತ ಜಾಸ್ತಿ ಆಗತ್ತೆ" ಎಂದರು ಅವರ ಹೆಂಡತಿ.

ಕೋಣೆ ಸೇರಿದ ಕೂಡಲೇ ಆಕೆ ಮಾಡಿದ ಕೆಲಸ ನನಗೆ ಬಹಳ ಮೆಚ್ಚುಗೆಯಾಯಿತು. ಚಪ್ಪಲಿ ಬಿಟ್ಟು, ಪರದೆ ಎಳೆದು, ಮಲಗಿಬಿಟ್ಟರು. ರಾಯರು ದಂಗಾದರು. "ಅಲ್ಲ ಕಣೆ, ನಿದ್ದೆ ಮನೇಲೂ ಮಾಡಬಹುದಿತ್ತಲ್ಲ!"

"ಮನೇಲಿ ನೀವು ಮಾಡೋಕೆ ಬಿಟ್ಟಿದ್ರೆ ತಾನೆ?" ಎಂದು ಆಕೆ ಮಗ್ಗುಲು ಬದಲಿಸಿದರು. ರಾಯರು ನನ್ನನ್ನೂ ಮಗನನ್ನೂ ಎಳೆದುಕೊಂಡು ಗಾಲ್ಫಿಗೆ ಹೊರಟರು.

ಜಾಹೀರಾತಿನ ಗಾಲ್ಫು ನೋಡಿದರೆ ಮದುವೆ ಛತ್ರದ ಅಂಗಳದಷ್ಟಿತ್ತು. ನುಣ್ಣಗೆ ಕತ್ತರಿಸಿದ ಹುಲ್ಲು, ಅದರಲ್ಲಿ ಆರು ಗುಳಿ, ಆರು ಪುಟ್ಟ ಬಾವುಟ. ಚೆಂಡನ್ನು ಮೆಲ್ಲಗೆ ತಳ್ಳಿ ಗುಳಿಗೆ ಬೀಳಿಸುವುದಷ್ಟೇ ಅಲ್ಲಿ ಸಾಧ್ಯ. ರಾಯರು ಅದಕ್ಕಾಗಿ ನ್ಯೂ ಮಾರ್ಕೆಟ್ಟಿನಲ್ಲಿ ಕೊಂಡ ಬಿಳಿ ಕ್ಯಾಪು ಮತ್ತು ಒಂದೇ ಕೈಗೆ ಹಾಕುವ ಗ್ಲೌಸು ಧರಿಸಿದ್ದರು. ಇನ್ನೊಂದು ಕೈಯದು ಕೊಡದೆ ಅಂಗಡಿಯವನು ಮೋಸ ಮಾಡಿದ ಎಂಬ ಅನುಮಾನ ಇನ್ನೂ ಹೋಗಿರಲಿಲ್ಲ. ಕೋಲು ಹಿಡಿದು ನಿಂತ ಭಂಗಿ ನೋಡಿದರೆ ಅವರ ಬಾಲ್ಯ ಗೊತ್ತಾಗುತ್ತಿತ್ತು: ಚಿನ್ನಿದಾಂಡು ಆಡಿ ಬೆಳೆದ ಕೈ. ಪಕ್ಕದ ಹಳ್ಳಿಯ ಹುಡುಗನೊಬ್ಬ ಕಲಿಸಲು ನಿಂತಿದ್ದ. "ಮಾಥಾ ನಿಚು ರಾಖುನ್, ಸಾರ್" ಎಂದ, ತಲೆ ಕೆಳಗೆ ಇರಲಿ ಎಂದು. ರಾಯರು ತಲೆ ತಗ್ಗಿಸಿದರು. ತಗ್ಗಿಸಿ, ದಾಂಡನ್ನು ಹೆಗಲಿನವರೆಗೆ ಎತ್ತಿ, ಬೀಸಿದರು. ಚೆಂಡು ಇದ್ದಲ್ಲೇ ಇತ್ತು. ಅಂಗೈಯಗಲದ ಹುಲ್ಲುಹೆಂಟೆ ಹಾರಿ ಎರಡನೇ ಬಾವುಟದ ಬುಡಕ್ಕೆ ಬಿತ್ತು.

ಹುಡುಗ ನಗಲಿಲ್ಲ. ಹೋಗಿ ಹೆಂಟೆಯನ್ನು ಎತ್ತಿ ತಂದು, ಅದರ ಜಾಗದಲ್ಲಿ ಕೂರಿಸಿ, ಕಾಲಿನಿಂದ ಮೆಲ್ಲಗೆ ಒತ್ತಿದ. ಆಮೇಲೆ ರಾಯರ ಮಗ ಒತ್ತಾಯಿಸಿದ್ದಕ್ಕೆ ತಾನೊಂದು ಹೊಡೆತ ಹೊಡೆದ. ಚೆಂಡು ಇಳಿಜಾರಿನಲ್ಲಿ ಬಾಗಿ, ಅನುಮಾನಿಸಿ, ಗುಳಿಯೊಳಗೆ ಟಕ್ಕೆಂದಿತು. ಕೋಲ್ಕತ್ತಾಕ್ಕೆ ಇದೇನೂ ಹೊಸದಲ್ಲ. ರಾಯಲ್ ಕಲ್ಕತ್ತಾ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರ ಮಗ ಎಸ್.ಎಸ್.ಪಿ. ಚೌರಾಸಿಯಾ 2016 ಮತ್ತು 2017ರಲ್ಲಿ, ಸಾಲಾಗಿ ಎರಡು ವರ್ಷ, ಇಂಡಿಯನ್ ಓಪನ್ ಗೆದ್ದರು. ರಾಯರಿಗೂ ಇದು ಗೊತ್ತು. ಅಲ್ಲೇ ಮಗನಿಗೆ ಹೇಳಿದರು ಕೂಡ: "ನೋಡೋ, ಹುಲ್ಲು ಕತ್ತರಿಸೋರ ಮಗ ಎಲ್ಲಿಗೆ ಹೋದ!" ಮಗ ಕೇಳಿದ: "ಅಪ್ಪ, ನೀನು ಹುಲ್ಲು ಕಿತ್ತಿದ್ದೀಯಲ್ಲ, ನಾನು ಎಲ್ಲಿಗೆ ಹೋಗಬಹುದು?" ರಾಯರು ಸ್ಪಾಕ್ಕೆ ಹೊರಟರು.

ಸ್ಪಾದಲ್ಲಿ ಮೊದಲು ಒಂದು ಅರ್ಜಿ ನಮೂನೆ ಕೊಡುತ್ತಾರೆ. ಬಿ.ಪಿ. ಇದೆಯೇ, ಸಕ್ಕರೆ ಇದೆಯೇ, ಯಾವ ಎಣ್ಣೆ ಆಗುವುದಿಲ್ಲ. ಇಡೀ ಪ್ರವಾಸದಲ್ಲಿ ರಾಯರ ಮುಖ ನಿಜವಾಗಿ ಅರಳಿದ್ದು ಆ ಕಾಗದ ಕಂಡಾಗ. ಕೆ.ವೈ.ಸಿ. ತುಂಬುವ ಶ್ರದ್ಧೆಯಿಂದ ಒಂದೂ ಖಾನೆ ಬಿಡದೆ ತುಂಬಿ, ಇಬ್ಬರು ಸಾಕ್ಷಿಗಳ ಸಹಿಗೆ ಜಾಗವೆಲ್ಲಿ ಎಂದು ಹುಡುಕಿದರು. ಅರ್ಧ ಗಂಟೆಯ ಪಾದದ ಮಾಲೀಸು ಪ್ಯಾಕೇಜಿಗೆ ಸೇರಿದ್ದು. ಮೈಗೆಲ್ಲ ಎಣ್ಣೆ ತೀಡುವುದಕ್ಕೆ ಬೇರೆ 2,500. ಉಚಿತವಾದದ್ದನ್ನು ಪಡೆಯಲು ಹೋಗಿ ದುಡ್ಡಿನದಕ್ಕೆ ಸಿಕ್ಕಿಬೀಳುವುದು ರಾಯರ ಜಾತಕದಲ್ಲೇ ಇದೆ.

ಕಾಗದದ ಚಡ್ಡಿ ಕೊಟ್ಟು ಬದಲಾಯಿಸಿಕೊಳ್ಳಿ ಎಂದರು. ಅದರ ಹಿಂದು ಯಾವುದು ಮುಂದು ಯಾವುದು ಎಂದು ತಿಳಿಯಲು ರಾಯರು ಪರದೆಯ ಆಚೆಯಿಂದ ನನ್ನನ್ನು ಕೂಗಿದರು. ಮಂದ ದೀಪ, ಊದುಕಡ್ಡಿಯ ವಾಸನೆ, ಎಲ್ಲೋ ನೀರು ತೊಟ್ಟಿಕ್ಕುವ ಸಂಗೀತ. ಡಾರ್ಜಿಲಿಂಗ್ ಕಡೆಯ ಹುಡುಗ ಬೆನ್ನ ಮೇಲೆ ಕೈ ಇಟ್ಟು "ರಿಲ್ಯಾಕ್ಸ್ ಸಾರ್" ಎಂದ. ರಾಯರು ಬಿಗಿಯಾದರು. "ಸಾರ್, ಭುಜ ಸಡಿಲ ಬಿಡಿ." ಇನ್ನೂ ಬಿಗಿಯಾದರು. ಅಷ್ಟರಲ್ಲಿ ಫೋನು. ರಾಯರು ಕಾಗದದ ಚಡ್ಡಿಯಲ್ಲೇ ಎದ್ದು ಕೂತು, ಎಣ್ಣೆಗೈಯಲ್ಲಿ ಫೋನು ಹಿಡಿದು, ಯಾವುದೋ ಸಾಲ ಎನ್.ಪಿ.ಎ. ಆಗುವುದನ್ನು ತಪ್ಪಿಸುವುದು ಹೇಗೆಂದು ಕಾಲು ಗಂಟೆ ವಿವರಿಸಿದರು. ಫೋನು ಜಾರಿ ಎಣ್ಣೆಯ ಬಟ್ಟಲಿಗೆ ಬಿತ್ತು. ಸಾಲ ಏನಾಯಿತೋ ಗೊತ್ತಿಲ್ಲ.

ಸಂಜೆ ಇದನ್ನೆಲ್ಲ ಕೇಳಿದ ಅವರ ಹೆಂಡತಿ ಹೇಳಿದ್ದು ಇಷ್ಟೇ: "ದೀಪಾವಳಿ ದಿವಸ ಬೆಳಗಿನ ಜಾವ ನಮ್ಮತ್ತೆ ಇದನ್ನೇ ಪುಕ್ಕಟೆ ಮಾಡೋರು. ಅಲ್ಲಾಡಿದ್ರೆ ಬೆನ್ನಿಗೊಂದು ಗುದ್ದೂ ಕೊಡೋರು. ಆವಾಗ ಇವರು ಮಿಸುಕದೆ ಕೂತಿರ್ತಿದ್ರು."

ಅದೇ ಹೋಟೆಲಿನಲ್ಲಿ ಒಬ್ಬ ಬಂಗಾಳಿ ಮುದುಕರು ಇದ್ದರು. ಡಿಸೆಂಬರ್ ತಾನೆ, ಕಿವಿ ಮುಚ್ಚುವ ಮಂಕಿ ಕ್ಯಾಪು, ಕುತ್ತಿಗೆಗೆ ಮಫ್ಲರು. ನಾವು ಬಂದಾಗ ನದಿಯ ಕಡೆಗೆ ಮುಖ ಮಾಡಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಗಾಲ್ಫು ಮುಗಿಸಿ ಬಂದಾಗಲೂ ಅಲ್ಲೇ. ಸ್ಪಾದಿಂದ ಬಂದಾಗಲೂ ಅಲ್ಲೇ, ಕೈಯಲ್ಲಿ ಮಾತ್ರ ಚಹಾದ ಬೇರೆ ಲೋಟ. ರಾಯರಿಗೆ ಇದು ಸಹಿಸಲಾಗಲಿಲ್ಲ. "ಆ ಮನುಷ್ಯ ಮಧ್ಯಾಹ್ನದಿಂದ ಒಂದೂ ಫೆಸಿಲಿಟಿ ಉಪಯೋಗಿಸಿಲ್ಲ ಸ್ವಾಮಿ! ಎಂಥ ನಷ್ಟ!"

ನಷ್ಟವೇನೂ ಅಲ್ಲ, ಅದು ಪರಂಪರೆ. ಅವರ ಅಜ್ಜಂದಿರು 'ಹವಾ ಬದಲು' ಎಂದು ಮಧುಪುರ, ಶಿಮುಲ್‌ತಲಾ, ಗಿರಿಡಿಗೆ ಹೋಗುತ್ತಿದ್ದರು. ಹೋದರೆ ಒಂದೆರಡು ದಿನಕ್ಕಲ್ಲ. ಹೋಲ್ಡಾಲು, ಅಡುಗೆಯವನು, ಪಾತ್ರೆ ಪಡಗದ ಸಮೇತ ತಿಂಗಳುಗಟ್ಟಲೆ. ಅಲ್ಲಿನ ಬಾವಿ ನೀರು ಕುಡಿದರೆ ಕಲ್ಲು ತಿಂದರೂ ಜೀರ್ಣ ಎಂಬ ನಂಬಿಕೆ. ಅನುಕೂಲಸ್ಥರು ಅಲ್ಲೇ ಮನೆಯನ್ನೂ ಕಟ್ಟಿಸಿದ್ದರು. ಈಗಿನವರಿಗೆ ಅಷ್ಟು ರಜೆ ಇಲ್ಲ, ದಿಘಾ, ಪುರಿ, ಡಾರ್ಜಿಲಿಂಗ್ ಮೂರನ್ನೂ ಸೇರಿಸಿ 'ದಿ-ಪು-ದಾ' ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಂಡು ಅಲ್ಲಿಗೇ ಹೋಗಿಬರುತ್ತಾರೆ. ಆದರೆ ಕುರ್ಚಿಯಲ್ಲಿ ಕೂರುವ ವಿದ್ಯೆ ಕೈಬಿಟ್ಟಿಲ್ಲ. ಮಧ್ಯಾಹ್ನ ಮೀನು ಅನ್ನ ಉಂಡು ನಿದ್ದೆ ಹೊಡೆಯುವುದರಲ್ಲಿ ಬಂಗಾಳಿಯನ್ನು ಮೀರಿಸುವವರು ಭರತಖಂಡದಲ್ಲಿ ಇಲ್ಲ ಎಂಬುದು ಇಲ್ಲಿದ್ದು ನೋಡಿದ ನನ್ನ ಖಚಿತ ಅಭಿಪ್ರಾಯ.

"ಕೀ ರಾವ್‌ದಾ, ರೆಸ್ಟ್ ಹೊಚ್ಛೆ?" ಎಂದು ಮುದುಕರು ಕೇಳಿದರು, ರೆಸ್ಟ್ ನಡೆಯುತ್ತಿದೆಯೇ ಎಂದು. "ಎಲ್ಲಿ ದಾದಾ, ಟೈಮೇ ಸಿಗುತ್ತಿಲ್ಲ" ಎಂದರು ರಾಯರು. ಆಗ ಅವರು ಈಜುಕೊಳದತ್ತ ಓಡುತ್ತಿದ್ದರು. ಈಜು ಬರುವುದಿಲ್ಲ, ಕಾಲಾದರೂ ಅದ್ದಿ ಬರಬೇಕು, ಪ್ಯಾಕೇಜಿನಲ್ಲಿದೆ.

ರಾತ್ರಿ ಬಯಲಲ್ಲಿ ಬೆಂಕಿ ಹಾಕಿ ಬಾವುಲ್ ಎಂಬ ಅಲ್ಲಿನ ಜನಪದ ಹಾಡು ಹಾಡಿಸಿದರು. ಹಾಡು ಚೆನ್ನಾಗಿತ್ತು. ರಾಯರು ಕೂತಲ್ಲೇ ತೂಕಡಿಸಿದರು, ಎಚ್ಚರಾದಾಗಲೆಲ್ಲ ಚಪ್ಪಾಳೆ ತಟ್ಟಿದರು.

ಬೆಳಿಗ್ಗೆಯ ಬಫೆಯಲ್ಲಿ ಲೂಚಿ, ಆಲೂದಮ್, ಕಾರ್ನ್‌ಫ್ಲೇಕ್ಸು, ಪಪ್ಪಾಯ, ಬ್ರೆಡ್ಡು, ಕೊನೆಯಲ್ಲೊಂದು ಮೂಲೆಯಲ್ಲಿ ಇಡ್ಲಿ. ಆ ಇಡ್ಲಿಯನ್ನು ರಾಯರು ಬೆರಳಿನಿಂದ ಒತ್ತಿ ನೋಡಿ, "ಇದನ್ನು ಗಾಲ್ಫಿಗೆ ಇಟ್ಟುಕೊಳ್ಳಬಹುದಿತ್ತು" ಎಂದರು. ಎಂದು, ನಾಲ್ಕು ಹಾಕಿಕೊಂಡರು. ಸಾಂಬಾರು ಸಿಹಿ ಎಂದು ಬೈದು ಎರಡು ಬಟ್ಟಲು ಕುಡಿದರು. ಒಂದೇ ಒಂದು ಪದಾರ್ಥದ ಬಗ್ಗೆ ಅವರ ಆಕ್ಷೇಪಣೆ ಇರಲಿಲ್ಲ: ನೊಲೆನ್ ಗುಡ, ಚಳಿಗಾಲದಲ್ಲಿ ಮಾತ್ರ ಸಿಗುವ ಈಚಲು ಮರದ ಜೋನಿಬೆಲ್ಲ. ಲೂಚಿಯನ್ನು ಅದರಲ್ಲಿ ಅದ್ದಿ ತಿನ್ನುವಾಗ ರಾಯರು ಮಾತಾಡಲಿಲ್ಲ, ಗಡಿಯಾರ ನೋಡಲಿಲ್ಲ, ಭುಜ ತಾನಾಗಿ ಸಡಿಲವಾಯಿತು. ಹನ್ನೆರಡು ಸಾವಿರದ ಆರುನೂರು ರೂಪಾಯಿಗೆ ಅವರಿಗೆ ಸಿಕ್ಕ ವಿಶ್ರಾಂತಿ ಆ ಐದು ನಿಮಿಷ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಕೋಣೆ ಬಿಟ್ಟೆವು. ಸ್ನಾನದ ಮನೆಯ ಪುಟ್ಟ ಶ್ಯಾಂಪೂ, ಸೋಪು, ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು ಡಬ್ಬಿಗಳ ಜಾಗಕ್ಕೆ ಬಂದಿದ್ದವು. ಕಾಗದದ ಚಡ್ಡಿ ಕೂಡ ಮಡಚಿ ಇಟ್ಟುಕೊಂಡಿದ್ದರೆಂದು ಅವರ ಮಗ ಆಮೇಲೆ ಹೇಳಿದ, ಪೂರ್ತಿ ನಂಬಬೇಕಾಗಿಲ್ಲ. ವಾಪಸ್ ಬರುವಾಗ ಬೆಹಾಲಾದಲ್ಲಿ ಮತ್ತೆ ನಿಂತೆವು. ರಾಯರ ಸೊಂಟ ಹಿಡಿದಿತ್ತು, ಹೆಂಡತಿ ಗೆಲುವಾಗಿದ್ದರು. ಮನೆ ಸೇರುವ ಮೊದಲೇ ರಾಯರು ನಾಲ್ಕನೇ ಶನಿವಾರಕ್ಕೆ ಇನ್ನೊಂದು ಹೋಟೆಲು ನೋಡಿಟ್ಟಿದ್ದರು. ಅಲ್ಲಿ ಬಿಲ್ಲುವಿದ್ಯೆಯೂ ಉಂಟಂತೆ.

ಈ ಜಾತಿಯ ರಾಯರು ನಿಮ್ಮ ಬ್ಯಾಂಕಿನಲ್ಲೂ ಒಬ್ಬರಿರುತ್ತಾರೆ. ಆದ್ದರಿಂದ ನಿಮ್ಮದೇನಾದರೂ ಸಾಲದ ಫೈಲು ಅವರ ಮೇಜಿನ ಮೇಲಿದ್ದರೆ, ಎರಡನೇ ಮತ್ತು ನಾಲ್ಕನೇ ಶನಿವಾರ ಕಳೆದು ಬರುವ ಸೋಮವಾರ ದಯವಿಟ್ಟು ಹೋಗಬೇಡಿ. ಮಂಗಳವಾರ ಹೋಗಿ, ಅಷ್ಟು ಹೊತ್ತಿಗೆ ಕೆಲಸ ಮಾಡಿ ಮಾಡಿ ಅವರ ಸುಸ್ತು ಇಳಿದಿರುತ್ತದೆ.