ತಿದ್ದುಪಡಿ ರಾಯರು

ಹೆಸರನ್ನು ಬದಲಿಸುವವರಿಗೆ ಈ ಲೋಕದಲ್ಲಿ ಹಾರತುರಾಯಿಗಳುಂಟು, ಭಾಷಣಗಳುಂಟು, ಮರುದಿನದ ಪತ್ರಿಕೆಯಲ್ಲಿ ಭಾವಚಿತ್ರವೂ ಉಂಟು. ಆದರೆ ಬದಲಾದ ಹೆಸರಿನ ಬೆನ್ನಹಿಂದೆ ಹೊರಟು, ಕಡತ, ರಸೀದಿ, ಫಲಕ, ಮೊಹರು, ಸೂಚನಾಪತ್ರಗಳ ಸಂದುಗೊಂದುಗಳಲ್ಲಿ ಅಡಗಿ ಕುಳಿತ ಹಳೆಯ ಹೆಸರನ್ನು ಒಂದೊಂದಾಗಿ ಹುಡುಕಿ ತೆಗೆದು, ಅಲ್ಲಿ ಹೊಸದನ್ನು ಪ್ರತಿಷ್ಠಾಪಿಸುವ ಪ್ರಾಣಿಗೆ ಒಂದು ಲೋಟ ಕಾಫಿಯೂ ದುರ್ಲಭ. ಇಂಥವರು ಊರಿಗೊಬ್ಬರಾದರೂ ಇರುವರು. ಲಗ್ನಪತ್ರಿಕೆ ಕೈಗೆ ಬಂದರೆ ವಧೂವರರ ಹೆಸರನ್ನು ಆಮೇಲಕ್ಕಿಟ್ಟು ಛತ್ರದ ವಿಳಾಸವನ್ನು ಮೊದಲು ಪರೀಕ್ಷಿಸುವವರು, ಅಂಗಡಿಯ ಫಲಕದ ಕೆಳಗೆ ನಿಂತು ಮಾಲೀಕನನ್ನು ಹೊರಕ್ಕೆ ಕರೆಯುವವರು, ಪರರ ಮನೆಯ ಕ್ಯಾಲೆಂಡರನ್ನು ಕೆಳಗಿಳಿಸಿ ಅದರಲ್ಲಿ ಅಚ್ಚಾದ ಊರ ಹೆಸರನ್ನು ತಿದ್ದಿ ಮತ್ತೆ ಮೊಳೆಗೆ ಸಿಕ್ಕಿಸುವವರು, ಇವರೆಲ್ಲರ ಕುಲ ಒಂದೇ.

ಶಿಕಾರಿಪುರದಲ್ಲಿ ನನ್ನ ಪಾಲಿಗೆ ಬಂದಿರುವ ಈ ಕುಲದ ಮಹನೀಯರನ್ನು ತಿದ್ದುಪಡಿ ರಾಯರೆಂದು ಕರೆಯುವುದು ವಾಡಿಕೆ. ಆ ಬಿರುದು ಅವರ ನಿಜನಾಮವನ್ನು ಎಂದೋ ಪದಚ್ಯುತಗೊಳಿಸಿತು. ಲೋಕದ ಹೆಸರುಗಳನ್ನೆಲ್ಲ ತಿದ್ದಿದ ಅವರು ಇದೊಂದನ್ನು ಮಾತ್ರ ತಿದ್ದಲು ಹೋಗಿಲ್ಲ. ಕೃಶಶರೀರ, ಇಸ್ತ್ರಿ ಕಾಣದ ಬಿಳಿಯ ಅಂಗಿ, ಜೇಬಿನಲ್ಲಿ ಕೆಂಪು ಲೇಖನಿ, ಕಂಕುಳಲ್ಲಿ ರಟ್ಟಿನ ಕಡತ. ಅವರು ಸರಕಾರಿ ನೌಕರಿಗೆ ಸೇರಿದ ವರ್ಷವೇ, ಅಂದರೆ 1973ರ ನವೆಂಬರ್ 1ರಂದು, ದೇವರಾಜ ಅರಸರ ಆಡಳಿತದಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಪುನರ್ನಾಮಕರಣವಾಯಿತು. ನಾಡೆಲ್ಲ ಉತ್ಸವದಲ್ಲಿ ಮುಳುಗಿರಲು, ತರುಣ ಗುಮಾಸ್ತರಾದ ನಮ್ಮ ರಾಯರ ಮುಂದೆ ಮೇಲಧಿಕಾರಿಗಳು ಅಚ್ಚಾದ ಅರ್ಜಿ ನಮೂನೆಗಳ ಕಟ್ಟುಗಳನ್ನು ಹೇರಿಸಿ, ಕಾಗದವು ವ್ಯರ್ಥವಾಗಕೂಡದು, 'ಮೈಸೂರು' ಎಂಬಲ್ಲಿ ಗೀಟೆಳೆದು 'ಕರ್ನಾಟಕ' ಎಂದು ಬರೆಯತಕ್ಕದ್ದು, ಎಂದು ಅಪ್ಪಣೆ ಕೊಡಿಸಿದರಂತೆ. ಅಂದು ಹಿಡಿದ ಕೆಂಪು ಲೇಖನಿಯನ್ನು ಅವರು ನಿವೃತ್ತಿಯ ದಿನವೂ ಕೆಳಗಿಡಲಿಲ್ಲ.

ಇಂಥ ಪ್ರಕೃತಿಯವರಿಗೆ ನಮ್ಮ ಸೀಮೆಗಿಂತ ಪ್ರಶಸ್ತವಾದ ಕ್ಷೇತ್ರ ಬೇರೆ ಇಲ್ಲ. ಮಳಿಯನಹಳ್ಳಿಯು ಕೆಳದಿಯ ಅರಸರ ಕಾಲದಲ್ಲಿ ಮಹಾದಾನಪುರವಾಗಿ, ಆಮೇಲೆ ಬೇಟೆಯ ಸಮೃದ್ಧಿಯಿಂದ ಶಿಕಾರಿಪುರವಾಯಿತೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ದಂಡಾವತಿಯ ತೀರದ ಸೊರಬವು ರಂಗನಾಥನಿಗೆ ಹಾಲೆರೆದ ಸುರಭಿಯಿಂದ ಹೆಸರು ಪಡೆಯಿತೆಂಬ ಐತಿಹ್ಯವಿದೆ. 1763ರಲ್ಲಿ ಹೈದರನ ಕೈಸೇರಿದ ಬಿದನೂರು ಹೈದರನಗರವಾಗಿ, ಕಾಲಾಂತರದಲ್ಲಿ ಹೈದರನನ್ನು ಕಳೆದುಕೊಂಡು ಬರಿಯ ನಗರವಾಗಿ ಉಳಿಯಿತು. ತಾಲ್ಲೂಕು ಕಚೇರಿ ಅಲ್ಲಿಂದ ಕಲ್ಲೂರುಕಟ್ಟೆಗೆ ಬಂದಾಗ ಕಲ್ಲೂರುಕಟ್ಟೆ ಹೊಸನಗರವಾಯಿತು. ಇನ್ನು ತಾಳಗುಂದದ ಸ್ತಂಭಶಾಸನದಲ್ಲಿ ಮಯೂರಶರ್ಮನೆಂದಿರುವ ಕದಂಬರ ಮೂಲಪುರುಷನು ಮುಂದಿನವರ ಬಾಯಲ್ಲಿ ಮಯೂರವರ್ಮನಾದನಷ್ಟೆ. ಅವನನ್ನು ರಾಯರು "ಅಫಿಡವಿಟ್ ಇಲ್ಲದೆ ಹೆಸರು ಬದಲಾಯಿಸಿಕೊಂಡ ನಮ್ಮ ತಾಲ್ಲೂಕಿನ ಮೊದಲನೆಯ ಗಿರಾಕಿ" ಎಂದು ವರ್ಣಿಸುವರು. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಬದಲಾದಾಗ ಇವರಿಗೆ ಆದ ಹರ್ಷ ಅಲ್ಪಾಯುಷಿಯಾಯಿತು. ಶಿವಮೊಗ್ಗವು ಕನ್ನಡದಲ್ಲಿ ಅದಾಗಲೇ ಶಿವಮೊಗ್ಗವೇ ಆಗಿತ್ತು. ಇಂಗ್ಲಿಷಿನ ಕಾಗುಣಿತವೊಂದೇ ತಿದ್ದುವುದಕ್ಕೆ ಸಿಕ್ಕಿತು.

ಆದರೆ ರಾಯರ ಪ್ರತಿಭೆ ಪೂರ್ಣವಾಗಿ ಪ್ರಕಟವಾದುದು ಒಂದು ಸಂಘದ ವ್ಯವಹಾರದಲ್ಲಿ. ಸಂಘದ ಹೆಸರು ಇಲ್ಲಿ ಬೇಡ. ಶಿಕಾರಿಪುರ, ಸೊರಬ, ಹೊಸನಗರಗಳ ಕಡೆಯ ಸದಸ್ಯರುಳ್ಳ ಆ ಸಂಘಕ್ಕೆ ರಾಯರು ಗೌರವ ಕಾರ್ಯದರ್ಶಿ. 'ಇಲ್ಲ' ಎನ್ನಲು ಬಾರದ ದೌರ್ಬಲ್ಯದ ಮೂಲಕ ನಾನು ಸಮಿತಿಯ ಸದಸ್ಯ. ಸಹಾಯಧನ ಕೋರುವವರು ತುಂಬಬೇಕಾದ ಹಳೆಯ ಅರ್ಜಿಯು ಅಪ್ರಯೋಜಕವಾಗಿದ್ದುದರಿಂದ, ಹಿಂದೊಮ್ಮೆ ಮತ್ತೊಂದನ್ನು ಸಿದ್ಧಪಡಿಸಿ ಅದಕ್ಕೆ 'ಹೊಸ ನಮೂನೆ' ಎಂದು ಹೆಸರಿಟ್ಟಿದ್ದರು. ಕೆಲಕಾಲ ಎರಡೂ ಚಾಲ್ತಿಯಲ್ಲಿದ್ದು, ಹಳೆಯದು ಕೊನೆಗೊಮ್ಮೆ ರದ್ದಾಯಿತು. ರದ್ದಾದ ಮೇಲೆ 'ಹೊಸ' ಎಂಬ ವಿಶೇಷಣಕ್ಕೆ ಅರ್ಥವೇನು ಉಳಿಯಿತು? ಅರ್ಜಿಯ ನೆತ್ತಿಯಿಂದ ಅದನ್ನು ತೆಗೆದುಹಾಕಬೇಕೆಂದು ಸಮಿತಿಯು ಚಹಾ ಕುಡಿಯುವಷ್ಟರಲ್ಲಿ ನಿರ್ಣಯಿಸಿ ಎದ್ದುಹೋಯಿತು. ಆದರೆ ನಿಯಮಾವಳಿಯಲ್ಲಿ, ರಸೀದಿ ಪುಸ್ತಕದ ಹಿಂಬದಿಯಲ್ಲಿ, ಕಚೇರಿಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ, ಅರ್ಜಿ ತುಂಬುವ ವಿಧಾನವನ್ನು ವಿವರಿಸುವ ಕಿರುಹೊತ್ತಗೆಯ ಪುಟಪುಟದಲ್ಲಿ, 'ಹೊಸ ನಮೂನೆಯಲ್ಲಿಯೇ ಸಲ್ಲಿಸತಕ್ಕದ್ದು' ಎಂಬ ಆಜ್ಞೆ ಹಾಗೆಯೇ ಇತ್ತು. ಪಾಪ, ಹಳ್ಳಿಗಳಿಂದ ಬಂದ ಸದಸ್ಯರು ಸರಿಯಾದ ಅರ್ಜಿಯನ್ನು ಕೈಯಲ್ಲಿ ಹಿಡಿದುಕೊಂಡೇ, "ಇದು ಬರೀ ನಮೂನೆ ಸ್ವಾಮಿ, ಹೊಸ ನಮೂನೆ ಕೊಡಿ" ಎಂದು ಕಿಟಕಿಯ ಮುಂದೆ ನಿಲ್ಲತೊಡಗಿದರು.

ಈ ಸಂಕಟದ ಪರಿಹಾರಕ್ಕಾಗಿ ಸಂಘದ ತರುಣ ಗುಮಾಸ್ತನೊಬ್ಬನು ಕಂಪ್ಯೂಟರಿನ ಮುಂದೆ ಕುಳಿತು, ಇದು ಕ್ಷಣಮಾತ್ರದ ಕೆಲಸವೆಂದು ಹೇಳಿ, ಎಲ್ಲ ಕಡತಗಳಲ್ಲಿಯೂ 'ಹೊಸ' ಎಂಬುದನ್ನು ಹುಡುಕಿ ಅಳಿಸಿಬಿಡೆಂದು ಯಂತ್ರಕ್ಕೆ ಆಜ್ಞಾಪಿಸಿದನು. ಯಂತ್ರವು ಆಜ್ಞೆಯನ್ನು ಅಕ್ಷರಶಃ ಪಾಲಿಸಿತು. ಹೊಸನಗರದ ಸದಸ್ಯರೆಲ್ಲರೂ ಒಂದೇ ಏಟಿಗೆ ನಗರದ ನಿವಾಸಿಗಳಾದರು. ಸೊರಬ ತಾಲ್ಲೂಕಿನ ಹೊಸಬಾಳೆಯವರು ಬಾಳೆಯವರಾದರು. ಹೊಸೂರಿನವರ ವಿಳಾಸದಲ್ಲಿ ವ್ಯಂಜನವನ್ನು ಕಳೆದುಕೊಂಡ ದೀರ್ಘಸ್ವರದ ಚಿಹ್ನೆಯೊಂದು ಆಧಾರವಿಲ್ಲದೆ ತೂಗಾಡುತ್ತಿತ್ತು. ಸರ್ವಸದಸ್ಯರ ಸಭೆಯ ಆಮಂತ್ರಣಗಳು ಈ ವಿಳಾಸಗಳಿಗೇ ರವಾನೆಯಾದವು. ನಗರವೂ ಹೊಸನಗರವೂ ಒಂದೇ ತಾಲ್ಲೂಕಿನಲ್ಲಿ ಪ್ರತ್ಯೇಕವಾಗಿ ಇರುವ ಊರುಗಳಾದುದರಿಂದ ಅಂಚೆಯವರನ್ನು ದೂರುವಂತೆಯೂ ಇರಲಿಲ್ಲ.

ಆಗ ರಾಯರು ಎದ್ದರು. "ಹೆಸರನ್ನು ಕಣ್ಣಿನಿಂದ ತಿದ್ದಬೇಕು, ಕೈಯಿಂದಲ್ಲ" ಎಂದು ಘೋಷಿಸಿ, ಸಂಘದ ಸಮಸ್ತ ಮುದ್ರಿತ ಸಾಹಿತ್ಯವನ್ನು ಎರಡು ಚೀಲಗಳಿಗೆ ತುಂಬಿ, ಒಂದನ್ನು ತಮ್ಮ ಹೆಗಲಿಗೂ ಇನ್ನೊಂದನ್ನು ನನ್ನ ಹೆಗಲಿಗೂ ಏರಿಸಿ, ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ಹೋಗುವ ಬಸ್ಸನ್ನು ಹತ್ತಿಸಿದರು. ಬಸ್ಸಿನಲ್ಲಿ ನಾನು ಓದಬೇಕು, ಅವರು ತಿದ್ದಬೇಕು. 'ಹೊಸ ನಮೂನೆಯ ಮೂರನೆಯ ಕಲಮಿನಲ್ಲಿ' ಎಂದು ನಾನು ಉಚ್ಚಕಂಠದಿಂದ ಪಠಿಸುವುದು, ಅವರು ಕಣ್ಣುಮುಚ್ಚಿ, "ಹೊಡೆಯಿರಿ! ಆದರೆ ಮುಂದಿನ ವಾಕ್ಯದಲ್ಲಿ 'ಹೊಸ ಸದಸ್ಯರು' ಎಂದಿದೆಯಲ್ಲ, ಅದು ಇರಲಿ, ಸದಸ್ಯರು ನಿಜವಾಗಿಯೂ ಹೊಸಬರು" ಎನ್ನುವುದು. ಪಕ್ಕದ ಆಸನದ ವೃದ್ಧೆಯೊಬ್ಬರು ನಾವು ಯಾವುದೋ ಪಾರಾಯಣದ ವ್ರತ ಹಿಡಿದಿದ್ದೇವೆಂದು ಭಾವಿಸಿ ಕೈಮುಗಿದರು. ಸೊರಬದ ಶಾಖೆಯಲ್ಲಿ ಗೋಡೆಯ ಬರಹವನ್ನು ಅಳಿಸಲು ಸುಣ್ಣವಿಲ್ಲವೆಂದು ತಿಳಿದಾಗ, ರಾಯರು ಮೆಟ್ಟಿಲಿನ ಮೇಲೆ ಕುಳಿತು, ಸುಣ್ಣ ಬರುವ ತನಕ ಏಳುವುದಿಲ್ಲವೆಂದು ಸಾರಿದರು. ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿ ಅವರ ವಿಷಯವಾಗಿ ಮೂಡಿದ ಭಾವನೆಗಳನ್ನು ಅಚ್ಚಿಗೆ ಕೊಡಲಾಗದು.

ನಮ್ಮನ್ನು ಉದ್ಧರಿಸಿದವನು ರಾಯರ ತಮ್ಮನ ಮಗ. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗವನ್ನು ಸೊರಬದ ಹತ್ತಿರದ ತೋಟದ ಮನೆಯಲ್ಲಿ ಕುಳಿತೇ ನಿರ್ವಹಿಸುವ ಈ ಹುಡುಗನು ಸುಣ್ಣದ ಡಬ್ಬಿಯೊಡನೆ ಬಂದು, ನಮ್ಮ ಕಥೆಯನ್ನು ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕನು. "ದೊಡ್ಡಪ್ಪ, ಇದು ಜಾಂಗೋದಲ್ಲಿ ಆದದ್ದೇ!" ಅಮೆರಿಕದ ಕಾನ್ಸಾಸ್ ಸಂಸ್ಥಾನದ ಲಾರೆನ್ಸ್ ಪಟ್ಟಣದ ವೃತ್ತಪತ್ರಿಕೆಯೊಂದರ ಕಚೇರಿಯಲ್ಲಿ ಹುಟ್ಟಿ, 2005ರಲ್ಲಿ ಲೋಕಾರ್ಪಣೆಗೊಂಡು, ಜಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನ ಹೆಸರನ್ನು ಹೊತ್ತ ಒಂದು ವೆಬ್ ಫ್ರೇಮ್‌ವರ್ಕ್ ಇದೆಯಂತೆ. ಜಾಲತಾಣಗಳಲ್ಲಿ ನಾವು ತುಂಬುವ ಅರ್ಜಿಗಳನ್ನು ರಚಿಸಿ, ತುಂಬಿದ್ದು ಸರಿಯಾಗಿದೆಯೇ ಎಂದು ಪರಿಶೀಲಿಸುವ ಅದರ ವಿಭಾಗಕ್ಕೆ 'ಫಾರ್ಮ್ಸ್' ಎಂದು ಹೆಸರು. ಅದು ಸಮರ್ಪಕವಲ್ಲವೆಂದು ಮತ್ತೊಂದನ್ನು ಬರೆದು 'ನ್ಯೂಫಾರ್ಮ್ಸ್' ಎಂದರು. ಹಿಂದಿನದು 'ಓಲ್ಡ್‌ಫಾರ್ಮ್ಸ್' ಆಯಿತು. ಆದರೆ ಅವರು ನಮ್ಮ ಸಮಿತಿಗಿಂತ ದೂರದೃಷ್ಟಿಯುಳ್ಳವರು. 2007ರ ಮಾರ್ಚಿನಲ್ಲಿ 0.96ನೆಯ ಆವೃತ್ತಿಯನ್ನು ಹೊರಡಿಸುವಾಗಲೇ, ಹೊಸದನ್ನು ಬಳಸುವವರು ಅದನ್ನು ತಮ್ಮ ಬರಹದ ಮೊದಲ ಸಾಲಿನಲ್ಲಿ 'ಫಾರ್ಮ್ಸ್' ಎಂಬ ಅಡ್ಡಹೆಸರಿನಿಂದಲೇ ಕರೆದುಕೊಳ್ಳಲಿ, ನಾಳೆ ಹೆಸರು ಬದಲಾದರೆ ಆ ಒಂದು ಸಾಲನ್ನು ತಿದ್ದಿದರೆ ಸಾಕಾಗುವುದು, ಎಂದು ಸಲಹೆ ಕೊಟ್ಟಿದ್ದರಂತೆ. 2008ರ ಸೆಪ್ಟೆಂಬರಿನಲ್ಲಿ 1.0 ಬರುವ ವೇಳೆಗೆ 'ನ್ಯೂ' ಕಳಚಿ ಬಿದ್ದಿತು, ಹಳೆಯದು ಮರೆಯಾಯಿತು.

"ಹಾಗಾದರೆ ಯಾರಿಗೂ ತೊಂದರೆಯಾಗಲಿಲ್ಲವೋ?" ಎಂದರು ರಾಯರು, ಸ್ವಲ್ಪ ನಿರಾಶೆಯಿಂದ.

"ಪ್ರೋಗ್ರಾಂ ಬರೆಯುವವರಿಗೆ ಹೆಚ್ಚು ಆಗಲಿಲ್ಲ. ಡಾಕ್ಯುಮೆಂಟೇಶನ್ ಇತ್ತಲ್ಲ, ಅದನ್ನು ತಿದ್ದಬೇಕಾಯಿತು. ಅಧ್ಯಾಯದ ಹೆಸರು, ಕಡತದ ಹೆಸರು, ಬೇರೆ ಅಧ್ಯಾಯಗಳಿಂದ ಅದಕ್ಕೆ ಕೊಟ್ಟ ಕೊಂಡಿಗಳು, ಒಂದೊಂದು ಉದಾಹರಣೆ."

"ತಿದ್ದಿದವನಿಗೆ ಕಾಫಿ ಕೊಟ್ಟರೋ?"

ಹುಡುಗನಿಗೆ ಉತ್ತರ ತಿಳಿಯಲಿಲ್ಲ. ಕಾನ್ಸಾಸಿನ ಆ ಅಜ್ಞಾತ ಬಂಧುವಿನ ವಿಷಯದಲ್ಲಿ ರಾಯರು ಬಹಳ ಹೊತ್ತು ಮೌನವಾಗಿದ್ದರು. ಆಮೇಲೆ ಊಟಕ್ಕೆ ಎದ್ದರು.

ತೋಟದ ಮನೆಯಲ್ಲಿ ಊಟವಾದ ಮೇಲೆ ನನ್ನ ಕಣ್ಣಿಗೆ ಬಿದ್ದ ಒಂದು ಸಂಗತಿಯನ್ನು ಹೇಳದೆ ಬಿಡುವುದು ನ್ಯಾಯವಲ್ಲ. ರಾಯರ ಕುಟುಂಬ ಮೂಲತಃ ಈ ಕಡೆಯದಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಶರಾವತಿ ಕೊಳ್ಳದ ಹಳ್ಳಿಯೊಂದರಿಂದ, ರಾಯರು ಬಾಲಕರಾಗಿದ್ದಾಗ, ಎದ್ದು ಬಂದುದು. ಹಾಗೆ ಬಂದವರಲ್ಲಿ ಎಷ್ಟೋ ಮನೆತನಗಳು ತಾವು ಉಳುವ ಭೂಮಿಯ ಹಕ್ಕುಪತ್ರಕ್ಕಾಗಿ ಇಂದಿಗೂ ಕಚೇರಿಯಿಂದ ಕಚೇರಿಗೆ ಅಲೆಯುತ್ತಿರುವುದು ನಮ್ಮ ಜಿಲ್ಲೆಯವರೆಲ್ಲರೂ ಬಲ್ಲ ವಿಷಯ. ನಾಡಿಗೆ ಬೆಳಕು ಕೊಟ್ಟವರ ದಾಖಲೆಯನ್ನು ಸರಿಪಡಿಸಲು ನಾಡಿಗೆ ಅರ್ಧ ಶತಮಾನ ಸಾಲದೆ ಹೋಯಿತು. ಹುಡುಗನು ಯಾವುದೋ ನೆಪದಲ್ಲಿ ತೆರೆದ ಪೆಟ್ಟಿಗೆಯೊಳಗೆ ಮನೆಯ ಹಳೆಯ ಪತ್ರಗಳಿದ್ದವು. ಎಲ್ಲದರಲ್ಲಿಯೂ ಊರಿನ ಹೆಸರಿನ ಮೇಲೆ ರಾಯರ ಕೆಂಪು ಗೀಟು, ಪಕ್ಕದಲ್ಲಿ ಈಗಿನ ಊರು, ಕೆಳಗೆ ಸಹಿ ಮತ್ತು ತಾರೀಖು. ಗೀಟು ಎಷ್ಟು ತೆಳುವಾಗಿತ್ತೆಂದರೆ ಅಡಿಯಲ್ಲಿದ್ದ ಹೆಸರನ್ನು ಸಲೀಸಾಗಿ ಓದಬಹುದಾಗಿತ್ತು. "ಬಿಳಿ ಹಚ್ಚಿ ಮುಚ್ಚಬಾರದು, ಹೊಡೆದದ್ದು ಕಾಣುತ್ತಿರಬೇಕು. ಅದು ಕಚೇರಿಯ ನಿಯಮ" ಎಂದರು ರಾಯರು, ನಾನು ಏನೂ ಕೇಳದಿದ್ದರೂ.

ಆ ದಿನದಿಂದ ಅವರ ಮೇಲಿನ ಸಿಟ್ಟು ನನಗೆ ಶಮನವಾಯಿತೆಂದು ಓದುಗರು ಊಹಿಸಿದರೆ ಅವರಿಗೆ ರಾಯರ ಪರಿಚಯ ಸಾಲದು. ಮೊನ್ನೆಯ ಸಮಿತಿಯ ಸಭೆಯಲ್ಲಿ, ಇನ್ನು ಮುಂದೆ ಸಂಘದ ಯಾವ ಕಾಗದಕ್ಕೂ 'ಹೊಸ', 'ನೂತನ', 'ಪರಿಷ್ಕೃತ', 'ಇತ್ತೀಚಿನ' ಎಂಬ ವಿಶೇಷಣಗಳನ್ನು ಹಚ್ಚಕೂಡದೆಂದೂ, ಬರಲಿರುವ ಬೇರೆ ಅರ್ಜಿಯನ್ನು ಕೇವಲ 'ನಮೂನೆ 2' ಎಂದು ಕರೆಯತಕ್ಕದ್ದೆಂದೂ ಅವರು ಲಿಖಿತ ಸೂಚನೆಯನ್ನು ಮಂಡಿಸಿದರು. ಇಷ್ಟು ವಿವೇಕದ ಮಾತು ಆ ಕೊಠಡಿಯಲ್ಲಿ ಹಿಂದೆ ಕೇಳಿಬಂದಿರಲಿಲ್ಲ. ಸರ್ವಾನುಮತದಿಂದ ಅಂಗೀಕಾರವಾಯಿತು, ಚಪ್ಪಾಳೆಯೂ ಆಯಿತು, ಅಧ್ಯಕ್ಷರು ಕಾಫಿಯನ್ನೇ ತರಿಸಿದರು. ಲೋಟವನ್ನು ಕೈಯಲ್ಲಿ ಹಿಡಿದ ರಾಯರು ಒಂದು ಗುಟುಕನ್ನೂ ಕುಡಿಯದೆ ನನ್ನ ಕಡೆಗೆ ವಾಲಿ, "ಅಲ್ಲಿಗೆ ಈಗಿರುವುದು 'ನಮೂನೆ 1' ಆಗಬೇಕಾಯಿತಲ್ಲ, ನಾಳೆ ಬೆಳಗಿನ ಬಸ್ಸಿಗೇ ಬಂದುಬಿಡಿ, ಚೀಲ ನಾನು ತರುತ್ತೇನೆ" ಎಂದರು.