ಶೇಷಪತ್ರ ನ್ಯಾಯ: ಮಹಾಭಾಷಣಗಳ ವಾಚನಸುಖದ ಮೀಮಾಂಸೆ

ಮಹನೀಯರ ಭಾಷಣವನ್ನು ಯಾರಾದರೂ ಕಾಗದ ಹಿಡಿದು ಗಟ್ಟಿಯಾಗಿ ಓದಿದರೆ ಸಭೆ ಇಂದಿಗೂ ಮೈಮರೆತು ಕೇಳುತ್ತದೆ. ರಸ, ಧ್ವನಿ, ಔಚಿತ್ಯಗಳೇ ಇದಕ್ಕೆ ಕಾರಣವೆಂಬ ವಾದ ಪರೀಕ್ಷೆಗೆ ನಿಲ್ಲದು. ಕಾರಣ ಓದುವವನ ಕೈಯಲ್ಲೇ ಇದೆ: ಇನ್ನೆಷ್ಟು ಹಾಳೆ ಉಳಿದಿವೆ ಎಂಬುದು ಹಿಂದಿನ ಸಾಲಿನವರಿಗೂ ಕಾಣುತ್ತದೆ. ಇದನ್ನು ಶೇಷಪತ್ರ ನ್ಯಾಯವೆನ್ನೋಣ. ಕಾಗದವಿಲ್ಲದವನು ‘ಎರಡೇ ಮಾತು ಹೇಳಿ ಮುಗಿಸುತ್ತೇನೆ’ ಎಂದಾಗ ಆ ಎರಡರ ಬೆಲೆ ಯಾವ ಗಣಿತಕ್ಕೂ ನಿಲುಕದು. ಗುಂಡುಪಿನ್ನು ಚುಚ್ಚಿದ ಮೂರು ಹಾಳೆ ಮಾತ್ರ ಎಂದೂ ನಾಲ್ಕಾಗದು. ಬೆರಳಿಗೆ ಎಂಜಲು ಹಚ್ಚಿ ತಿರುವುವಾಗ ಎರಡು ಹಾಳೆ ಅಂಟಿಕೊಂಡು ಒಟ್ಟಿಗೇ ಹೋದರೆ ಸಭಿಕರ ಮುಖದಲ್ಲಿ ಅರಳುವ ಪ್ರಸನ್ನತೆಗೆ ಆಲಂಕಾರಿಕರು ಹತ್ತನೆಯ ರಸವೊಂದನ್ನು ಒದಗಿಸಬೇಕಿತ್ತು.

ಪ್ರಮಾಣಕ್ಕೆ ಗೆಟಿಸ್‌ಬರ್ಗ್ ಸಾಕು. 1863ರ ನವೆಂಬರ್ 19ರಂದು ಅಲ್ಲಿನ ಸೈನಿಕ ಸ್ಮಶಾನವನ್ನು ಸಮರ್ಪಿಸುವಾಗ ಮುಖ್ಯ ಭಾಷಣ ಲಿಂಕನ್ನರದಲ್ಲ, ಎಡ್ವರ್ಡ್ ಎವರೆಟ್ಟರದು. ಹಾರ್ವರ್ಡ್‌ನ ಅಧ್ಯಕ್ಷರಾಗಿದ್ದ ಈ ಮಹಾಪಂಡಿತರು ಸುಮಾರು 13,000 ಪದಗಳನ್ನು ಎರಡು ಗಂಟೆ ಕಾಲ ಹೇಳಿದರು, ಅದೂ ಬಾಯಿಪಾಠವಾಗಿ! ಎಣಿಸಲು ಹಾಳೆಯೇ ಇಲ್ಲದ ಜನ ಏನು ಮಾಡಬೇಕು? ಆಮೇಲೆ ಎದ್ದ ಲಿಂಕನ್ 270ರ ಆಸುಪಾಸಿನ ಪದಗಳಲ್ಲಿ ಮುಗಿಸಿ ಕೂತರು. ಅವರ ಕೈಬರಹದ ಐದು ಪ್ರತಿಗಳು ಇಂದಿಗೂ ಇವೆ. ಐದನ್ನೂ ಬೆನ್ನುಬೆನ್ನಿಗೆ ಓದಿದರೂ ಎವರೆಟ್ಟರ ಹತ್ತರಲ್ಲೊಂದು ಪಾಲಿನ ಆಸುಪಾಸಿನಲ್ಲೇ ಮುಗಿಯುತ್ತದೆ. ಶಾಲೆಯ ಮಕ್ಕಳು ಯಾವುದನ್ನು ಒಪ್ಪಿಸುತ್ತಾರೆಂದು ಹೇಳಬೇಕಿಲ್ಲ. 1957ರಲ್ಲಿ ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ಬಗ್ಗೆ ಸುಮಾರು ಎಂಟು ಗಂಟೆ ಮಾತಾಡಿದ ಕೃಷ್ಣ ಮೆನನ್ನರ ದಾಖಲೆಗೆ ನಮಸ್ಕರಿಸೋಣ. ವಾಚನ ಸ್ಪರ್ಧೆಗೆ ಅದನ್ನು ಆರಿಸುವ ಮೇಷ್ಟ್ರು ಮಾತ್ರ ಸಿಗಲಾರರು.

ಇಲ್ಲಿ ಪೂರ್ವಪಕ್ಷ: ಚಿಕ್ಕದಾಗಿರುವುದೇ ಗುಣವಾದರೆ ದಿನಸಿ ಚೀಟಿಯನ್ನು ಏಕೆ ಓದಿಸುವುದಿಲ್ಲ? ಆಕ್ಷೇಪ ಬಲವಾದದ್ದೇ. ಆದರೆ ಬೇಳೆ ಎರಡು ಕಿಲೋ ಎಂದು ಮುಗಿದಾಗ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟುವ ಸೌಕರ್ಯವಿಲ್ಲ. ಮಹಾಭಾಷಣದಲ್ಲಾದರೋ ಮುಗಿದದ್ದರ ಸಂತೋಷವನ್ನು ದೇಶಭಕ್ತಿಯೆಂದು ತೋರಿಸಬಹುದು. ವಿಷಯದ ಮಹತ್ವ ಅಷ್ಟರಮಟ್ಟಿಗೆ ಬೇಕೆಂದು ನಾವೂ ಒಪ್ಪುತ್ತೇವೆ.

ಕರಾವಳಿಯ ಪಂಡಿತರ ಆಕ್ಷೇಪ ಇನ್ನೂ ತೊಡಕಿನದು. ತಾಳಮದ್ದಳೆಯ ಅರ್ಥಧಾರಿಗಳ ಕೈಯಲ್ಲಿ ಒಂದು ಚೂರು ಕಾಗದವೂ ಇರುವುದಿಲ್ಲ, ಆದರೂ ಜನ ಬೆಳಗಿನ ತನಕ ಕೇಳುತ್ತಿದ್ದರಲ್ಲ? ನಿಜ. ಆದರೆ ಅದು ಕರ್ಣಪರ್ವವಾದರೆ, ಭಾಗವತರು ಮಂಗಳ ಹಾಡುವುದರೊಳಗೆ ಕರ್ಣ ಸಾಯಲೇಬೇಕೆಂಬುದು ಎಲ್ಲರಿಗೂ ಮೊದಲೇ ಗೊತ್ತು. ಅರ್ಥಧಾರಿ ಎಷ್ಟೇ ವಾಗ್ಮಿಯಾಗಿರಲಿ, ವಾದದ ಬಲದಿಂದ ಅವನನ್ನು ಬದುಕಿಸಿ ಇನ್ನೊಂದು ರಾತ್ರಿಗೆ ಎಳೆದ ನಿದರ್ಶನ ಈವರೆಗೆ ವರದಿಯಾಗಿಲ್ಲ.